ಪ್ರಯೋಗಶಾಲೆಯ ಕಿಟಕಿಯಿಂದ: ಇಪ್ಪತ್ತನಾಲ್ಕು ಬೋಲ್ಟುಗಳು

ಹೋದ ಸಂಚಿಕೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದೇಕೆಂದು ಬರೆದಿದ್ದೆವು. ಈ ಸಲ ಉಪ್ಪಿನಕಾಯಿ ಕೆಡದಿರುವ ಗುಟ್ಟನ್ನು ಹೇಳುತ್ತೇವೆಂದು ಮಾತನ್ನೂ ಕೊಟ್ಟಿದ್ದೆವು. ಉಪ್ಪಿನಕಾಯಿ ಇನ್ನು ಮೂರು ತಿಂಗಳು ಕಾದರೆ ಕೆಡುವುದಿಲ್ಲ; ಅದೇ ಅದರ ಗುಣ. ಆದರೆ ಈ ಸಲ ನಮ್ಮ ಕೈಗೆ ಬಂದಿರುವ ವಿಷಯ ಕಾಯುವಂಥದ್ದಲ್ಲ. ಆದ್ದರಿಂದ ಓದುಗರು, ಅದರಲ್ಲೂ ಭರಣಿಗಳನ್ನು ತೊಳೆದಿಟ್ಟುಕೊಂಡಿರುವ ಮಹಿಳಾ ಸದಸ್ಯರು, ನಮ್ಮನ್ನು ಕ್ಷಮಿಸಬೇಕು.

ನಮ್ಮ ಕೂಟದ ಸಂಕ್ರಾಂತಿ ಊಟದ ದಿನ ನಡೆದದ್ದು. ಎಳ್ಳು ಬೆಲ್ಲದ ತಟ್ಟೆ ಹಿಡಿದು ಮೂಲೆಯ ಕುರ್ಚಿಯೊಂದನ್ನು ಹುಡುಕಿಕೊಳ್ಳುವಷ್ಟರಲ್ಲಿ ಹಾಸನದ ಕಡೆಯ ದಂಪತಿಗಳೊಬ್ಬರು ನಮ್ಮನ್ನು ಹಿಡಿದರು. ಅವರ ಮಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷ. ಚಿಕ್ಕಂದಿನಿಂದ ಅವನಿಗೆ ಒಂದೇ ಹುಚ್ಚು: ಗಗನನೌಕೆ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ 'ನನ್ನ ಮೆಚ್ಚಿನ ಪ್ರಾಣಿ' ಎಂದು ಪ್ರಬಂಧ ಬರೆಯಲು ಹೇಳಿದರೆ ನಾಯಿ ಲೈಕಾಳ ಬಗ್ಗೆ ಬರೆದ ಹುಡುಗ ಅವನೇ.

"ಡಾಕ್ಟ್ರೇ, ನೀವು ವಿಜ್ಞಾನದವರು. ಇವನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು ತಾಯಿ. "ಬೇಸಿಗೆ ಇಂಟರ್ನ್‌ಷಿಪ್ಪಿಗೆ ಅಂತ ನಲವತ್ತು ಕಡೆ ಅರ್ಜಿ ಹಾಕಿದಾನೆ. ಒಂದು ಕಡೆಯಿಂದಲೂ ಕರೀಲಿಲ್ಲ. ಪಕ್ಕದ ಮನೆ ಹುಡುಗಂಗೆ ಇವನಿಗಿಂತ ಕಮ್ಮಿ ಮಾರ್ಕ್ಸು, ಅವನಿಗೆ ಸಿಕ್ತು!" ತಂದೆಯವರು ಏನೂ ಹೇಳಲಿಲ್ಲ. ಆದರೆ ಆ ಮೌನದಲ್ಲಿ, ಇನ್ನೂ ಸ್ವಲ್ಪ ಓದಿದ್ದರೆ ಆಗುತ್ತಿತ್ತು ಎಂಬ ತೀರ್ಪು ಸ್ಪಷ್ಟವಾಗಿ ಕೇಳಿಸಿತು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ಹುಡುಗ ತಲೆ ತಗ್ಗಿಸಿ ಕೊಬ್ಬರಿ ಚೂರುಗಳನ್ನು ಎಣಿಸುತ್ತಿದ್ದ.

ಊಟವಾದ ಮೇಲೆ ಅವನನ್ನು ಹೊರಗೆ ಕಾರು ನಿಲ್ಲಿಸುವ ಜಾಗಕ್ಕೆ ಕರೆದೊಯ್ದು ಮಾತನಾಡಿದೆವು. ಅವನು ಹೇಳಿದ್ದನ್ನು ಮುಂದೆ ಬರೆಯುತ್ತೇವೆ. ಅವನ ಮತ್ತು ಅವನ ತಂದೆ ತಾಯಿಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಮೊದಲು, ಗಗನನೌಕೆಯ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಓದುವ ಹುಡುಗರಿಗೆ ಏನು ಕೆಲಸ ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಯಾಕೆಂದರೆ ನಮ್ಮ ಮನೆಗಳಲ್ಲಿ ಗಗನನೌಕೆ ಎಂದ ಕೂಡಲೇ ಎಲ್ಲರೂ ರಾಕೆಟ್ಟಿನ ಬೆಂಕಿಯನ್ನೋ ಕಂಪ್ಯೂಟರ್ ಪರದೆಯನ್ನೋ ನೆನೆಯುತ್ತಾರೆ. ಬೋಲ್ಟು ನಟ್ಟುಗಳನ್ನು ಯಾರೂ ನೆನೆಯುವುದಿಲ್ಲ.

ಭೂಮಿಯ ಸಮೀಪದ ಕಕ್ಷೆಯಲ್ಲಿರುವ ಉಪಗ್ರಹ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹೊತ್ತು ಬಿಸಿಲು, ಒಂದಿಷ್ಟು ಹೊತ್ತು ನೆರಳು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈ ಬಿಸಿಲಿನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ನೆರಳಿನಲ್ಲಿ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಇಳಿಯಬಲ್ಲದು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯ ಉಷ್ಣತೆ ನೂರು ಡಿಗ್ರಿ ಏರಿದರೆ ಅದು ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅದಕ್ಕೆ ಬಿಗಿದಿರುವ ಟೈಟೇನಿಯಂ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ಒಬ್ಬರು ಹಿಗ್ಗಿದಾಗ ಇನ್ನೊಬ್ಬರು ಹಿಗ್ಗದಿದ್ದರೆ ಮನೆಯಲ್ಲಿ ಏನಾಗುತ್ತದೋ ಅಲ್ಲಿಯೂ ಅದೇ ಆಗುತ್ತದೆ: ಕೀಲು ಜಗ್ಗುತ್ತದೆ, ಅಂಟು ಬಿಡುತ್ತದೆ, ಕನ್ನಡಿ ಓರೆಯಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿ ಜೋಡಣೆಯನ್ನು ರೂಪಿಸುವುದು ಮೆಕ್ಯಾನಿಕಲ್ ಇಂಜಿನಿಯರನ ಕೆಲಸ.

ಇನ್ನು ಮೇಲೇರುವ ಹಾದಿ. ರಾಕೆಟ್ಟಿನ ತುದಿಯಲ್ಲಿ ಕುಳಿತ ಉಪಗ್ರಹಕ್ಕೆ ಕೆಲವು ನಿಮಿಷಗಳ ಕಾಲ ಭೂಕಂಪವೇ ಸರಿ. ಆದ್ದರಿಂದ ನೆಲದ ಮೇಲೆಯೇ ಅದನ್ನು ಕಂಪನದ ಮೇಜಿನ ಮೇಲೆ ಬಿಗಿದು ಅಲುಗಿಸಿ ನೋಡುತ್ತಾರೆ. ಆಮೇಲೆ ಗಾಳಿ ತೆಗೆದ ದೊಡ್ಡ ಉಕ್ಕಿನ ಕೋಣೆಯಲ್ಲಿಟ್ಟು ಕಾಯಿಸಿ ತಣಿಸಿ, ಮತ್ತೆ ಕಾಯಿಸಿ ತಣಿಸಿ ಪರೀಕ್ಷಿಸುತ್ತಾರೆ. ಬೇಸಿಗೆಯ ಹತ್ತು ಹನ್ನೆರಡು ವಾರಗಳಿಗೆ ಬರುವ ವಿದ್ಯಾರ್ಥಿಗೆ ಸಿಗುವುದು ಸಾಮಾನ್ಯವಾಗಿ ಇಂಥ ಕೆಲಸದ ಒಂದು ಚಿಕ್ಕ ತುಣುಕು: ಕಂಪನದ ಮೇಜಿಗೂ ಉಪಗ್ರಹದ ಭಾಗಕ್ಕೂ ನಡುವೆ ಕೂರುವ ಫಿಕ್ಸ್ಚರಿನ ಡ್ರಾಯಿಂಗ್ ಬರೆಯುವುದು, ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಲೆಕ್ಕ, ಉಷ್ಣಮಾಪಕಗಳನ್ನು ಎಲ್ಲೆಲ್ಲಿ ಅಂಟಿಸಬೇಕೆಂಬ ಪಟ್ಟಿ, ಪರೀಕ್ಷೆ ಮುಗಿದ ಮೇಲೆ ವರದಿ. ಬೆಂಕಿ ಹೊಗೆ ಇಲ್ಲದ, ಚಿತ್ರ ತೆಗೆದು ಊರಿಗೆ ಕಳಿಸಲಾರದ ಕೆಲಸ. ಆದರೆ ಎಲ್ಲವೂ ನಿಂತಿರುವುದು ಇದರ ಮೇಲೆ.

ನಮ್ಮ ರಸಾಯನ ಶಾಸ್ತ್ರಕ್ಕೂ ಇಲ್ಲೊಂದು ಮೂಲೆ ಇದೆ. ಹೊಸ ಕಾರು ಕೊಂಡವರು ಆ 'ಹೊಸ ವಾಸನೆ'ಯನ್ನು ಮೆಚ್ಚಿ ಮೂಸುತ್ತಾರೆ. ಕೆಲವು ವಾರಗಳಲ್ಲಿ ಮುಂದಿನ ಗಾಜಿನ ಒಳಮೈಗೆ ಮಬ್ಬು ಕಟ್ಟಿರುವುದನ್ನೂ ಕಾಣುತ್ತಾರೆ. ಪ್ಲಾಸ್ಟಿಕ್ಕು, ಅಂಟುಗಳಿಂದ ಆವಿಯಾಗಿ ಹೊರಟದ್ದೇ ಗಾಜಿನ ಮೇಲೆ ಕೂತಿರುತ್ತದೆ. ಆಕಾಶದಲ್ಲಿ ಆ ಗಾಜು ದೂರದರ್ಶಕದ ಕನ್ನಡಿಯಾಗಿರಬಹುದು. ಅದನ್ನು ಒರೆಸಲು ಅಲ್ಲಿ ಯಾರಿದ್ದಾರೆ? ಆದ್ದರಿಂದ ಗಗನನೌಕೆಗೆ ಹೋಗುವ ಅಂಟನ್ನು ನಿರ್ವಾತದಲ್ಲಿ 125 ಡಿಗ್ರಿಯಲ್ಲಿ 24 ಗಂಟೆ ಕಾಯಿಸುತ್ತಾರೆ. ಅದು ತನ್ನ ತೂಕದ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳಬಾರದು. ಆವಿಯಾದದ್ದರಲ್ಲಿ ತಣ್ಣನೆಯ ತಗಡಿನ ಮೇಲೆ ಮತ್ತೆ ಕೂರುವುದು ನೂರಕ್ಕೆ 0.1 ಪಾಲಿಗಿಂತ ಹೆಚ್ಚಿರಬಾರದು. ಈ ಎರಡು ಸಂಖ್ಯೆಗಳು ನಮ್ಮ ಜೀವನದಲ್ಲಿ ಒಂದು ಸಲ ಬಂದು ಹೋಗಿವೆ. ಅದನ್ನೂ ಹೇಳುತ್ತೇವೆ.

ಇಷ್ಟು ಚಿಕ್ಕ ಕೆಲಸಗಳು ಅಷ್ಟು ದೊಡ್ಡವೇ ಎಂದು ಕೇಳುವವರಿಗೆ ಎರಡು ಕಥೆಗಳಿವೆ. ಎರಡೂ ನಡೆದವು.

ಗುರುಗ್ರಹಕ್ಕೆ ಹೊರಟ ಗೆಲಿಲಿಯೋ ನೌಕೆ 1989ರ ಅಕ್ಟೋಬರಿನಲ್ಲಿ ಹಾರಿತು. ಛತ್ರಿಯಂತೆ ಮಡಚಿಟ್ಟಿದ್ದ, 4.8 ಮೀಟರ್ ಅಗಲದ ಅದರ ದೊಡ್ಡ ಆಂಟೆನಾ 1991ರ ಏಪ್ರಿಲ್‌ನಲ್ಲಿ ಬಿಚ್ಚಿಕೊಳ್ಳಬೇಕಿತ್ತು. ಹದಿನೆಂಟು ಕಡ್ಡಿಗಳಲ್ಲಿ ಕೆಲವು ಸಿಕ್ಕಿಕೊಂಡು ಛತ್ರಿ ಓರೆಯಾಗಿ ನಿಂತುಬಿಟ್ಟಿತು. ತಪ್ಪು ಎಲ್ಲಿ? 1986ರ ಚಾಲೆಂಜರ್ ದುರಂತದಿಂದಾಗಿ ಹಾರಾಟ ವರ್ಷಗಟ್ಟಲೆ ಮುಂದೆ ಹೋಗಿ, ಆಂಟೆನಾ ಕ್ಯಾಲಿಫೋರ್ನಿಯಾಕ್ಕೂ ಫ್ಲಾರಿಡಾಕ್ಕೂ ನಡುವೆ ಲಾರಿಯಲ್ಲಿ ಓಡಾಡಿತ್ತು. ಆ ಕುಲುಕಾಟದಲ್ಲಿ ಕಡ್ಡಿಗಳ ಮೊಳೆಗಳಿಗೆ ಬಳಿದಿದ್ದ ಒಣ ಕೀಲೆಣ್ಣೆಯಂಥ ಲೇಪ ಸವೆದುಹೋಗಿತ್ತೆಂದು ತಜ್ಞರು ತೀರ್ಮಾನಿಸಿದರು. ಗಗನದ ಕೆಲಸ ಕೆಟ್ಟದ್ದು ಹೆದ್ದಾರಿಯಲ್ಲಿ. ಆದರೂ ಆ ಇಂಜಿನಿಯರುಗಳು ಎದೆಗುಂದದೆ ಚಿಕ್ಕ ಆಂಟೆನಾದಿಂದಲೇ ಮಾಹಿತಿಯನ್ನು ತೊಟ್ಟುತೊಟ್ಟಾಗಿ ತರಿಸಿಕೊಂಡು 2003ರವರೆಗೆ ನೌಕೆಯನ್ನು ದುಡಿಸಿದರು.

ಎರಡನೆಯದು 2003ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಡೆದದ್ದು. ನೋವಾ-ಎನ್ ಪ್ರೈಮ್ ಎಂಬ ಹವಾಮಾನದ ಉಪಗ್ರಹವನ್ನು ಗಾಡಿಯೊಂದರ ಮೇಲೆ ನಿಲ್ಲಿಸಿ ಅಡ್ಡಕ್ಕೆ ವಾಲಿಸುತ್ತಿದ್ದರು. ಉಪಗ್ರಹವನ್ನು ಗಾಡಿಗೆ ಹಿಡಿದಿಡಬೇಕಾದ ತಟ್ಟೆಯ ಇಪ್ಪತ್ತನಾಲ್ಕು ಬೋಲ್ಟುಗಳನ್ನು ಇನ್ನೊಂದು ತಂಡದವರು ಬೇರೆ ಕೆಲಸಕ್ಕೆ ಬಿಚ್ಚಿಕೊಂಡಿದ್ದರು, ಹಾಗೆಂದು ಬರೆದಿಟ್ಟಿರಲಿಲ್ಲ. ಈ ತಂಡದವರು ಹಳೆಯ ಕಾಗದವನ್ನು ನಂಬಿದರೇ ಹೊರತು ತಟ್ಟೆಯನ್ನು ಬಗ್ಗಿ ನೋಡಲಿಲ್ಲ. ಬೋಲ್ಟು ಇರಲೇಬೇಕು ಎಂದುಕೊಂಡರು. ಉಪಗ್ರಹ ಜಾರಿ ನೆಲಕ್ಕೆ ಬಿತ್ತು. ಸರಿಪಡಿಸಲು ತಗಲಿದ ಖರ್ಚು ಸುಮಾರು 13 ಕೋಟಿ 50 ಲಕ್ಷ ಡಾಲರು. ಅದು ಕೊನೆಗೂ ಹಾರಿದ್ದು 2009ರ ಫೆಬ್ರವರಿಯಲ್ಲಿ.

'ಇರಲೇಬೇಕು' ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈಗ ಹುಡುಗನ ಮಾತಿಗೆ ಬರುತ್ತೇವೆ.

ಕಾರಿಗೆ ಒರಗಿ ನಿಂತು ಅವನು ಹೇಳಿದ: "ಅಂಕಲ್, ನಲವತ್ತರಲ್ಲಿ ಮೂವತ್ತೊಂದು ಕಂಪನಿಗಳು ನನ್ನ ಮಾರ್ಕ್ಸನ್ನು ನೋಡೇ ಇಲ್ಲ. ಅರ್ಜಿಯ ಮೊದಲನೇ ಪುಟದಲ್ಲೇ ಒಂದು ಪ್ರಶ್ನೆ ಇರುತ್ತೆ. ಯು.ಎಸ್. ಪರ್ಸನ್ ಹೌದಾ ಅಂತ. ಅಲ್ಲ ಅಂತ ಗುರುತು ಹಾಕಿದ ಕೂಡಲೇ ಮುಗೀತು."

ಅವನು ಏಳು ವರ್ಷದವನಿದ್ದಾಗ ಇಲ್ಲಿಗೆ ಬಂದವನು. ತಂದೆ ಎಚ್-1ಬಿ, ಅವನು ಅವಲಂಬಿತರ ಎಚ್-4. ಗ್ರೀನ್ ಕಾರ್ಡಿನ ಸಾಲಿನಲ್ಲಿ ಮನೆಯವರು ಕಾಯುತ್ತಲೇ ಇದ್ದಾರೆ. ಇದನ್ನು ಅಪ್ಪ ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ತಮ್ಮದೇ ತಪ್ಪು ಅಂದ್ಕೋತಾರೆ ಅಂಕಲ್. ಅದಕ್ಕಿಂತ ನನ್ನ ಮಾರ್ಕ್ಸಿನ ತಪ್ಪು ಅಂತ ಇರಲಿ" ಎಂದ.

ಇಪ್ಪತ್ತು ವರ್ಷದ ಹುಡುಗ. ನಮಗೆ ಉತ್ತರ ತೋಚಲಿಲ್ಲ.

ಓದುಗರಲ್ಲಿ ಈ ವಿಷಯ ತಿಳಿಯದವರು ಬಹಳ ಮಂದಿ ಇದ್ದಾರೆಂದು ಬಲ್ಲೆವು. ಆದ್ದರಿಂದ ವಿವರವಾಗಿ ಹೇಳುತ್ತೇವೆ. ಅಮೆರಿಕದಲ್ಲಿ ಐಟಾರ್ ಎಂದು ಕರೆಯುವ ಶಸ್ತ್ರಾಸ್ತ್ರ ರಫ್ತಿನ ನಿಯಮಗಳಿವೆ. ರಾಕೆಟ್ಟುಗಳೂ ಹಲವು ಬಗೆಯ ಗಗನನೌಕೆಗಳೂ ಇವುಗಳ ಪಟ್ಟಿಯಲ್ಲಿವೆ. 1999ರಲ್ಲಿ ವಾಣಿಜ್ಯ ಉಪಗ್ರಹಗಳನ್ನೂ ಅದಕ್ಕೆ ಸೇರಿಸಿದ್ದರು. 2014ರಲ್ಲಿ ಅವುಗಳಲ್ಲಿ ಅನೇಕವನ್ನು ವಾಣಿಜ್ಯ ಇಲಾಖೆಯ ಪಟ್ಟಿಗೆ ವರ್ಗಾಯಿಸಿದರು. ಆದರೆ ಅಲ್ಲಿಯೂ ನಿರ್ಬಂಧಗಳಿವೆ. ಈ ನಿಯಮಗಳ ಪ್ರಕಾರ ವಸ್ತುವನ್ನು ಹಡಗಿಗೆ ಹೇರಿದರೆ ಮಾತ್ರ ರಫ್ತು ಎಂದಲ್ಲ. ಇದೇ ಊರಿನ ಕಾರ್ಖಾನೆಯಲ್ಲಿ, ಇದೇ ಮೇಜಿನ ಮೇಲೆ, ಪರದೇಶದವನಿಗೆ ಡ್ರಾಯಿಂಗ್ ತೋರಿಸಿದರೂ ಅದು ರಫ್ತೇ. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ಹತ್ತು ವಾರಕ್ಕೆ ಬರುವ ವಿದ್ಯಾರ್ಥಿಗಾಗಿ ಆ ತಾಪತ್ರಯವನ್ನು ಯಾವ ಕಂಪನಿ ತಾನೇ ಮೈಮೇಲೆ ಎಳೆದುಕೊಂಡೀತು?

ನಿಯಮದ ಕಣ್ಣಿಗೆ 'ಯು.ಎಸ್. ಪರ್ಸನ್' ಎಂದರೆ ಇಲ್ಲಿನ ಪೌರರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರಾಗಿಯೋ ಆಶ್ರಯ ಪಡೆದೋ ಬಂದವರು. ಗ್ರೀನ್ ಕಾರ್ಡ್ ಇದ್ದರೆ ಸಾಕು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಪೌರತ್ವ ಬೇಕೆಂದುಕೊಂಡು ಅರ್ಜಿಯನ್ನೇ ಹಾಕದ ಮಕ್ಕಳಿದ್ದಾರೆ. ಇನ್ನೊಂದು ಕಡೆ, ನಾಸಾ ಸಂಸ್ಥೆಯ ತನ್ನದೇ ಇಂಟರ್ನ್‌ಷಿಪ್ಪುಗಳಿಗೆ ಪೌರತ್ವವೇ ಬೇಕು. ಪ್ಯಾಸಡೀನದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ನಾಸಾದ ಕೆಲಸ ಮಾಡಿದರೂ ಅದನ್ನು ನಡೆಸುವುದು ಕ್ಯಾಲ್‌ಟೆಕ್. ಅಲ್ಲಿನ ಬೇಸಿಗೆ ಯೋಜನೆಗೆ ಗ್ರೀನ್ ಕಾರ್ಡಿನವರೂ ಅರ್ಜಿ ಹಾಕಬಹುದು. ಎಚ್-4 ಮಕ್ಕಳಿಗೆ ಸಂಬಳದ ಕೆಲಸಕ್ಕೇ ಅನುಮತಿಯಿಲ್ಲ. ಎಫ್-1 ವಿದ್ಯಾರ್ಥಿಗಳು ತಮ್ಮ ಓದಿಗೆ ಸಂಬಂಧಪಟ್ಟ ಇಂಟರ್ನ್‌ಷಿಪ್ಪನ್ನು ಕಾಲೇಜಿನ ಅನುಮತಿ ಪಡೆದು ಮಾಡಬಹುದು. ಆದರೆ ಕೆಲಸದ ಅನುಮತಿ ಇದ್ದ ಮಾತ್ರಕ್ಕೆ ಐಟಾರಿನ ಬಾಗಿಲು ತೆರೆಯುವುದಿಲ್ಲ. ಅವೆರಡೂ ಬೇರೆ ಬೇರೆ ಬೀಗಗಳು.

ಈ ಬೀಗ ನಮಗೂ ಪರಿಚಿತ. ಡಾಕ್ಟರೇಟ್ ಮಾಡುತ್ತಿದ್ದ ಕಾಲದಲ್ಲಿ ನಾವೊಂದು ಎಪಾಕ್ಸಿ ಅಂಟನ್ನು ಕುದುರಿಸಿದ್ದೆವು. ಗಗನನೌಕೆಯ ಭಾಗಗಳನ್ನು ಮಾಡುವ ಕಂಪನಿಯೊಂದು ಅದನ್ನು ಪರೀಕ್ಷಿಸಲು ಒಪ್ಪಿತು. ಬೆಳಗಿನ ಜಾವ ಎದ್ದು ನಮ್ಮ ಪ್ರಾಧ್ಯಾಪಕರೊಂದಿಗೆ ನಾಲ್ಕು ಗಂಟೆ ಕಾರಿನಲ್ಲಿ ಹೋದೆವು. ಬಾಗಿಲಲ್ಲಿ ಕಾಗದ ಪತ್ರ ಕೇಳಿದರು. ನಮ್ಮ ಪಾಸ್‌ಪೋರ್ಟಿನ ಮೇಲಿನ ಅಶೋಕಸ್ತಂಭದ ಸಿಂಹಗಳನ್ನು ನೋಡಿ ಆ ಹೆಂಗಸು ಬಹಳ ಮರ್ಯಾದೆಯಿಂದಲೇ, ನೀವು ಇಲ್ಲೇ ಕೂತಿರಬೇಕಾಗುತ್ತದೆ ಎಂದಳು. ಪ್ರಾಧ್ಯಾಪಕರು ಒಳಗೆ ಹೋದರು. ನಮ್ಮ ಅಂಟು ಒಳಗೆ ಹೋಯಿತು. ನಾವು ಕಾಫಿ ಯಂತ್ರದ ಪಕ್ಕದಲ್ಲಿ ಮೂರು ಗಂಟೆ ಕೂತೆವು. ಎರಡು ವಾರದ ಮೇಲೆ ಫಲಿತಾಂಶ ಬಂತು. ತಗಡಿನ ಮೇಲೆ ಕೂತದ್ದು 0.14 ಪಾಲು. ಅಂಟು ನಪಾಸು.

ನಿಜ ಹೇಳಬೇಕೆಂದರೆ ಅವತ್ತು ನಮಗೆ ಅವಮಾನವಾಗಿತ್ತು. ಆಮೇಲೆ ಯೋಚಿಸಿದಾಗ ತಿಳಿಯಿತು: ಆ ದಿನದಲ್ಲಿ ಎರಡು ಸಂಗತಿಗಳಿದ್ದವು. ಅಂಟು ಸೋತದ್ದು ನಮ್ಮ ಕೆಲಸದ ದೋಷ. ಇನ್ನೂ ಹೆಚ್ಚು ಹೊತ್ತು ಬೇಯಿಸಬೇಕಿತ್ತು, ಬೇಯಿಸಿದೆವು, ಮುಂದಿನ ಸಲ 0.06 ಬಂದು ಪಾಸಾಯಿತು. ಬಾಗಿಲಲ್ಲಿ ನಿಂತದ್ದು ಯಾರ ದೋಷವೂ ಅಲ್ಲ, ನಮ್ಮದಂತೂ ಅಲ್ಲವೇ ಅಲ್ಲ. ಮೊದಲನೆಯದನ್ನು ತಿದ್ದಬಹುದು. ಎರಡನೆಯದನ್ನು ತಿದ್ದಲು ಹೋಗಿ ಮೊದಲನೆಯದನ್ನೂ ಕೆಡಿಸಿಕೊಳ್ಳಬಾರದು. ಅಂದ ಹಾಗೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿಯೂ ಇನ್ನೂ ಬಂದಿಲ್ಲ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಕಾರ್ಡುಗಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಹೋಗಬಾರದೆಂಬ 1990ರ ಕಾನೂನಿನ ಮಿತಿಯಿದೆ. ನಮ್ಮ ದೇಶದ ಸಾಲು ಉದ್ದವಾಗಿರುವುದಕ್ಕೆ ಅದೇ ಮುಖ್ಯ ಕಾರಣ.

ಹಾಗಾದರೆ ಏನು ಮಾಡಬೇಕು? ಉಪದೇಶ ಕೇಳಿ ಬೇಸತ್ತವರಿಗೆ ಇನ್ನೊಂದು ಉಪದೇಶ ಬೇಡ ಎಂದುಕೊಂಡರೂ, ತಿಳಿದದ್ದನ್ನು ಹೇಳದೆ ಇರಲಾರೆವು.

ಮೊದಲನೆಯದಾಗಿ, ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಮನೆಯಲ್ಲಿ ಕೂತು ಕಾಗದ ಪತ್ರದ ಮಾತನ್ನು ಆಡಿರಿ. ಯಾರ ವೀಸಾ ಏನು, ಎಂದಿನವರೆಗೆ, ಇಪ್ಪತ್ತೊಂದು ತುಂಬಿದರೆ ಏನಾಗುತ್ತದೆ? ಆ ವಯಸ್ಸಿಗೆ ಎಚ್-4 ಮುಗಿಯುತ್ತದೆ. ಅದಕ್ಕೆ ಮುಂಚೆಯೇ ಎಫ್-1ಗೆ ಬದಲಾಯಿಸಿಕೊಳ್ಳುವ ದಾರಿಯನ್ನು ನೋಡಬೇಕು. ವಯಸ್ಸಿನ ಲೆಕ್ಕದಲ್ಲಿ ಕೆಲವರಿಗೆ ರಿಯಾಯಿತಿ ಕೊಡುವ 2002ರ ಕಾನೂನೊಂದಿದೆ. ನಿಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿರಿ. ಇದನ್ನು ಮಕ್ಕಳಿಂದ ಬಚ್ಚಿಡುವುದರಿಂದ ಅವರ ಮನಸ್ಸು ಹಗುರವಾಗುವುದಿಲ್ಲ. ಅವರಿಗೆ ಹೇಗೂ ಗೊತ್ತಿರುತ್ತದೆ.

ಎರಡನೆಯದಾಗಿ, ಇಲ್ಲೇ ಹುಟ್ಟಿದ ಮಕ್ಕಳಿಗೂ ಗ್ರೀನ್ ಕಾರ್ಡಿನವರಿಗೂ ಒಂದು ಮಾತು. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವ ಕಾಲ ಅದರ ಹಿಂದಿನ ಶರತ್ಕಾಲ. ನವರಾತ್ರಿಯ ಗೊಂಬೆ ಇಳಿಸುವ ಹೊತ್ತಿಗೆ ಅರ್ಜಿಗಳು ಹೊರಟಿರಬೇಕು. ಯುಗಾದಿಯ ಹೊತ್ತಿಗೆ ಹುಡುಕಲು ಹೊರಟರೆ ಹೆಚ್ಚಿನ ಜಾಗಗಳು ತುಂಬಿರುತ್ತವೆ. ಸ್ಪೇಸ್‌ಎಕ್ಸ್, ಬ್ಲೂ ಒರಿಜಿನ್, ರಾಕೆಟ್ ಲ್ಯಾಬ್, ನಾರ್ಥ್‌ರಾಪ್ ಗ್ರಮ್ಮನ್‌ನಂಥ ದೊಡ್ಡ ಹೆಸರುಗಳಷ್ಟನ್ನೇ ನೋಡದೆ, ಅವರಿಗೆ ಕವಾಟ, ಹಿಂಜು, ಸೌರಫಲಕದ ಕೀಲುಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳನ್ನೂ ಹುಡುಕಬೇಕು. ಅಲ್ಲಿ ವಿದ್ಯಾರ್ಥಿಯ ಕೈಗೆ ನಿಜವಾದ ಕೆಲಸ ಬೇಗ ಬರುತ್ತದೆ. ಹೆಣ್ಣುಮಕ್ಕಳು 2016ರಲ್ಲಿ ಆರಂಭವಾದ ಬ್ರೂಕ್ ಓವೆನ್ಸ್ ಫೆಲೋಶಿಪ್ಪನ್ನು ನೋಡಬೇಕು. ಅದು ಆರಿಸಿದವರಿಗೆ ಸಂಬಳದ ಇಂಟರ್ನ್‌ಷಿಪ್ಪನ್ನೂ ಮಾರ್ಗದರ್ಶಕರನ್ನೂ ಒದಗಿಸುತ್ತದೆ.

ಮೂರನೆಯದಾಗಿ, ಎಲ್ಲರಿಗೂ ಸೇರಿ: ಮಾರ್ಕ್ಸು ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಕೇಳುವುದು ಕೈ ಏನು ಮಾಡಿದೆ ಎಂದು. ಈ ಲೋಹ ಯಾಕೆ, ಆ ಬೋಲ್ಟು ಯಾಕೆ ಅಷ್ಟು ದಪ್ಪ, ಮೊದಲನೆಯ ಸಲ ಮುರಿದದ್ದು ಎಲ್ಲಿ, ಆಮೇಲೆ ಏನು ಬದಲಾಯಿಸಿದಿರಿ? ಇವಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಕಾಲೇಜಿನ ವರ್ಕ್‌ಷಾಪಿನಲ್ಲಿ, ಲೇತಿನ ಪಕ್ಕದಲ್ಲಿ ಸಿಗುತ್ತದೆ. ರೇಸಿನ ಕಾರು ಕಟ್ಟುವ ಫಾರ್ಮುಲಾ ಎಸ್‌ಎಇ ತಂಡವಾಗಲಿ, ಮಾದರಿ ವಿಮಾನ ಕಟ್ಟುವ ತಂಡವಾಗಲಿ, ಕ್ಯೂಬ್‌ಸ್ಯಾಟ್ ಕಟ್ಟುವ ತಂಡವಾಗಲಿ, ಯಾವುದಾದರೂ ಒಂದಕ್ಕೆ ಮೊದಲ ವರ್ಷವೇ ಸೇರಬೇಕು. ನಮ್ಮ ಮನೆಗಳಲ್ಲಿ ಮಗ ರಾತ್ರಿ ಹನ್ನೊಂದಕ್ಕೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಬಂದರೆ, ಓದುವುದು ಯಾವಾಗ ಎಂದು ಕೇಳುತ್ತೇವೆ. ಅದೂ ಓದೇ.

ಕ್ಯೂಬ್‌ಸ್ಯಾಟ್ ಎಂದೆವಲ್ಲ, ಅದು ಬದಿಗೆ ಹತ್ತು ಸೆಂಟಿಮೀಟರ್ ಇರುವ ಪುಟ್ಟ ಉಪಗ್ರಹ. ನಮ್ಮ ಒಗ್ಗರಣೆ ಡಬ್ಬಿಗಿಂತ ದೊಡ್ಡದಲ್ಲ. ವಿದ್ಯಾರ್ಥಿಗಳು ಕಟ್ಟಿ ಕಲಿಯಲೆಂದೇ 1999ರಲ್ಲಿ ಕ್ಯಾಲ್ ಪಾಲಿ ಮತ್ತು ಸ್ಟ್ಯಾನ್‌ಫೋರ್ಡಿನ ಇಬ್ಬರು ಪ್ರಾಧ್ಯಾಪಕರು, ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್, ಅದರ ಅಳತೆಯನ್ನು ಗೊತ್ತುಮಾಡಿದರು. ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಶ್ರೀಹರಿಕೋಟೆಯಿಂದ ಹಾರಿತು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ 2016ರ ಸೆಪ್ಟೆಂಬರಿನಲ್ಲಿ ಹಾರಿತು.

ನಾಲ್ಕನೆಯದು, ಬಾಗಿಲ ಹೊರಗೆ ಕೂತಿರುವವರಿಗೆ, ಅಂದರೆ ನಮ್ಮಂಥವರಿಗೆ. ಪ್ರಕಟಣೆಗೆ ಮುಕ್ತವಾದ ಮೂಲಭೂತ ಸಂಶೋಧನೆಗೆ ಈ ನಿಯಮಗಳಲ್ಲಿ ವಿನಾಯಿತಿ ಇದೆ. ಅಂಥ ಕೆಲಸ ಮಾಡುವ ಪ್ರಾಧ್ಯಾಪಕರು ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದಾರೆ: ಉಷ್ಣದ ಹರಿವು, ಕಂಪನ, ಲೋಹದ ದಣಿವು, ಹಗುರ ವಸ್ತುಗಳು. ಸಂಬಳಕ್ಕಲ್ಲದೆ ಪಾಠದ ಕ್ರೆಡಿಟ್ಟಿಗೆ ಅವರಲ್ಲಿ ಸೇರಬಹುದೇ ಎಂದು ಕೇಳಬೇಕು. ಆದರೆ ಯಾವ ಯೋಜನೆ ಮುಕ್ತ, ಯಾವುದು ಅಲ್ಲ ಎಂಬುದನ್ನು ವಿಶ್ವವಿದ್ಯಾಲಯದ ರಫ್ತು ನಿಯಂತ್ರಣದ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ವಿದ್ಯಾರ್ಥಿ ತಂಡಗಳಿಗೂ ಇದು ಅನ್ವಯಿಸುತ್ತದೆ. ಕೆಲಸದ ಅನುಮತಿ ಇರುವವರಿಗೆ ವೈದ್ಯಕೀಯ ಉಪಕರಣ, ನಿರ್ವಾತ ಯಂತ್ರ, ಶೈತ್ಯೀಕರಣದ ಕಾರ್ಖಾನೆಗಳೂ ಇವೆ. ನಿರ್ವಾತಕ್ಕೆ ಐಟಾರ್ ಗೊತ್ತಿಲ್ಲ. ನೆಲದ ಮೇಲೆ ಕಲಿತ ಬೋಲ್ಟಿನ ಲೆಕ್ಕ ಆಕಾಶದಲ್ಲೂ ಅದೇ.

ಮತ್ತೊಂದು ದಾರಿ ನಮ್ಮೂರಿನ ಕಡೆಗೇ ಹೋಗುತ್ತದೆ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಅದಕ್ಕೆ ಮೊದಲು ಉಪಗ್ರಹ ಕಟ್ಟಿ ಅನುಭವವಿಲ್ಲದ ತರುಣರನ್ನು ಕಟ್ಟಿಕೊಂಡು ಉಡುಪಿಯ ಹತ್ತಿರದ ಅದಮಾರಿನ ಯು. ಆರ್. ರಾಯರು ಅದನ್ನು ನಡೆಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಹಾರಿತು. 2017ರಲ್ಲಿ ತೀರಿಕೊಂಡ ರಾಯರ ಹೆಸರನ್ನೇ ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಇಟ್ಟರು. ಈಚಿನ ನೈಸಾರ್ ಉಪಗ್ರಹದ ಮಾತು ಕೇಳಿರಿ. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು. ಕ್ಯಾಲಿಫೋರ್ನಿಯಾದಲ್ಲಿ ಜೋಡಿಸಿದ ರೇಡಾರು 2023ರಲ್ಲಿ ವಿಮಾನವೇರಿ ಬೆಂಗಳೂರಿಗೆ ಬಂತು. ಅದರ 12 ಮೀಟರ್ ಅಗಲದ ಪ್ರತಿಫಲಕ ಮಡಚಿಟ್ಟ ಸ್ಥಿತಿಯಲ್ಲಿ ಬಿಸಿಲಿಗೆ ಎಣಿಸಿದ್ದಕ್ಕಿಂತ ಹೆಚ್ಚು ಕಾಯಬಹುದೆಂದು ಕಂಡುಬಂದಾಗ, ಅದನ್ನು ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಕಳಿಸಿ, ಬಿಸಿಲನ್ನು ಹಿಂದಕ್ಕೆ ತಳ್ಳುವ ಹೊದಿಕೆ ಕೊಡಿಸಿ 2024ರಲ್ಲಿ ಬೆಂಗಳೂರಿಗೆ ತಂದರು. 2025ರ ಜುಲೈ 30ರಂದು ಹಾರಿತು. 2020ರ ಬಳಿಕ ಖಾಸಗಿಯವರಿಗೂ ಭಾರತದಲ್ಲಿ ಬಾಗಿಲು ತೆರೆದು, ಬೆಂಗಳೂರಿನಲ್ಲೇ ಪಿಕ್ಸೆಲ್, ಬೆಲ್ಲಾಟ್ರಿಕ್ಸ್‌ನಂಥ ಕಂಪನಿಗಳಿವೆ. ಭಾರತದ ಪಾಸ್‌ಪೋರ್ಟು ಇಲ್ಲಿ ಅಡ್ಡಿಯಾದರೆ ಅಲ್ಲಿ ಅಡ್ಡಿಯಲ್ಲ. ಆದರೆ ಹೋಗುವ ಮುನ್ನ, ವಾಪಸು ಬರಲು ವೀಸಾ ಹೇಗೆ ಎಂಬುದನ್ನು ಎಣಿಸಿ ನೋಡಿಕೊಳ್ಳಬೇಕು. ಬೋಲ್ಟು ಇರಲೇಬೇಕು ಎಂದುಕೊಂಡು ಹೊರಡಬಾರದು.

ಸಂಕ್ರಾಂತಿಯ ಆ ಸಂಜೆ ಹುಡುಗನಿಗೆ ನಾವು ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು: ಇವತ್ತು ರಾತ್ರಿ ಮನೆಗೆ ಹೋಗಿ ಅಪ್ಪನಿಗೆ ಆ ಅರ್ಜಿಯ ಮೊದಲನೇ ಪುಟ ತೋರಿಸು.

ನಾಲ್ಕು ದಿನ ಬಿಟ್ಟು ತಂದೆಯವರು ಫೋನ್ ಮಾಡಿದರು. ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. "ತೋರಿಸಿದ ಡಾಕ್ಟ್ರೇ. ಇಷ್ಟು ದಿನ ಬೈತಾನೇ ಇದ್ದೆ. ಒಂದು ಸಲನೂ ಅರ್ಜಿ ತೆಗೆದು ನೋಡಿರಲಿಲ್ಲ" ಎಂದರು. ಆಮೇಲೆ ಕಾಗದ ಪೆನ್ನು ಹಿಡಿದುಕೊಂಡು ವಕೀಲರು, ಎಫ್-1, ಪ್ರಾಧ್ಯಾಪಕರು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಹಿಂದಿನಿಂದ ತಾಯಿಯ ದನಿ ಕೇಳಿಸಿತು: "ಅಂಟಿನ ಕಥೇನೂ ಕೇಳ್ರೀ, ಪಾಸಾಯ್ತಂತಾ?"

ಈ ಬೇಸಿಗೆ ಹುಡುಗನಿಗೆ ಗಗನನೌಕೆಯ ಕಂಪನಿಯಲ್ಲಿ ಜಾಗ ಸಿಕ್ಕಿಲ್ಲ. ತನ್ನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಬಳಿ ಎರಡು ಲೋಹಗಳ ಕೀಲು ಬಿಸಿಗೂ ತಂಪಿಗೂ ಸಿಕ್ಕು ಹೇಗೆ ಸಡಿಲವಾಗುತ್ತದೆಂದು ಅಳೆಯುವ ಕೆಲಸ, ಕ್ರೆಡಿಟ್ಟಿಗೆ. ಮೊದಲ ವಾರ ಅವನ ಬೋಲ್ಟುಗಳು ಮೂರು ಮುರಿದವಂತೆ. ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಸಂತೋಷವಿತ್ತು.

ಓದುಗರ ಮನೆಯಲ್ಲಿ ಈ ದಾರಿ ಹಿಡಿದ ಮಕ್ಕಳಿದ್ದರೆ ಅವರ ಅನುಭವವನ್ನು ಸಂಪಾದಕರಿಗೆ ಬರೆದು ಕಳಿಸಿರಿ. ಹೆಸರು ಬೇಡವೆಂದರೆ ಹೆಸರು ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಖಂಡಿತವಾಗಿ ಉಪ್ಪಿನಕಾಯಿ. ಭರಣಿಗಳನ್ನು ಒಣಗಿಸಿಟ್ಟಿರಿ.